ನೋವಿಲ್ಲದ ಭುಜಕ್ಕೂ ಗ್ಲಾಸು

ಮಾಘ ಮಾಸದ ಚಳಿ. ಹೊತ್ತು ಇನ್ನೂ ಮೂಡಿಲ್ಲ. ಹಳ್ಳಿಖೇಡದ ಕಾರ್ಖಾನೆಗೆ ಹೊರಟ ಕಬ್ಬಿನ ಟ್ರ್ಯಾಕ್ಟರುಗಳ ಸದ್ದು ಹುಮನಾಬಾದಿನ ಈ ಓಣಿಗೂ ಕೇಳುತ್ತಿದೆ. ಸರುಬಾಯಿಯವರು ಒಲೆಯ ಮುಂದೆ ಕೂತು, ಚಹಾ ಹೊಟೇಲಿನ ದಪ್ಪ ಗ್ಲಾಸುಗಳ ಅಂಚನ್ನು ಒಂದೊಂದಾಗಿ ತಮ್ಮ ಕೆಳತುಟಿಯ ಮೇಲೆ ಸುತ್ತಿಸಿ ನೋಡುತ್ತಾರೆ. ಕೂದಲೆಳೆಯಷ್ಟು ಸೀಳಿದ್ದರೂ ತುಟಿಗೆ ಗೊತ್ತಾಗುತ್ತದೆ. ನೋವು ಎಳೆಯಲು ಅಂಥ ಗ್ಲಾಸು ಯಾರ ಬೆನ್ನಿಗೂ ಹೋಗುವುದಿಲ್ಲ.

ಚಾಪೆಯ ಮೇಲೆ ಬರಿಮೈಯಲ್ಲಿ ಬೋರಲು ಮಲಗಿದವನು ಚಿಟಗುಪ್ಪದ ಪೈಲ್ವಾನ ಮಾಣಿಕಪ್ಪ. ಮೊದಲ ಬಸ್ಸಿಗೆ ಬಂದಿದ್ದಾನೆ. ಮೊನ್ನೆ ಘಾಟಬೋರಾಳದ ಕುಸ್ತಿಯಲ್ಲಿ ಅವನನ್ನು ಸೋಲಿಸಿದ ಹುಮನಾಬಾದಿನ ಬಂಡೆಪ್ಪ ಬಾಗಿಲಲ್ಲಿ ನಿಂತು ನಗುತ್ತಿದ್ದಾನೆ.

"ಏನ್ ತಿಂದು ಬಂದಿ?" ಸರುಬಾಯಿ ಮಾಣಿಕಪ್ಪನನ್ನು ಕೇಳುತ್ತಾರೆ.

"ಏನೂ ಇಲ್ಲ ಆಯಿ."

"ಖಾಲಿ ಹೊಟ್ಟೀಲೆ ಗ್ಲಾಸ್ ಹಚ್ಚಿದ್ರ ಚಕ್ಕರ್ ಬಂದು ಬೀಳ್ತಿ. ಒಮ್ಮೆ ಬಿದ್ದೀದಿ, ಸಾಕು. ಮೊದಲ ಅಂಬಲಿ ಕುಡಿ."

ಮಾಣಿಕಪ್ಪ ಕುಡಿದು ಮತ್ತೆ ಮಲಗುತ್ತಾನೆ. ದೀಪಕ್ಕೆ ಗಾಳಿ ತಾಗದಂತೆ ಬಂಡೆಪ್ಪ ಒಳಗೆ ಬಂದು ಬಾಗಿಲು ಮುಚ್ಚುತ್ತಾನೆ. ಸರುಬಾಯಿ ಬಿಸಿ ಮಾಡಿದ ಕುಸುಬೆ ಎಣ್ಣೆಯನ್ನು ಬೆನ್ನಿಗೆ ತಿಕ್ಕುತ್ತಾರೆ. ಉರಿಯುವ ಹತ್ತಿಯನ್ನು ಗ್ಲಾಸಿನೊಳಗೆ ಆಡಿಸಿ ತೆಗೆದು, ಥಟ್ಟನೆ ಗ್ಲಾಸನ್ನು ಬೆನ್ನಿಗೆ ಕವಚುತ್ತಾರೆ. ಚರ್ಮ ಉಬ್ಬಿ ಒಳಗೇರುತ್ತದೆ. ಕಿತ್ತಾಗ ನೇರಳೆ ಹಣ್ಣಿನ ಬಣ್ಣದ ದುಂಡು ಗುರುತು ಉಳಿಯುತ್ತದೆ. ಮಾಸಲು ವಾರ ಬೇಕು.

ಸರುಬಾಯಿಯವರ ತವರು ಬಸವಕಲ್ಯಾಣ. ಅಲ್ಲಿ ನೆರೆಮನೆಯ ವಜೀರಬಿ ಎಮ್ಮೆಯ ಕೊಂಬು ಹಚ್ಚಿ, ಬಾಯಿಂದ ಗಾಳಿ ಎಳೆದು ಮಾಡುತ್ತಿದ್ದ ಕೆಲಸವನ್ನೇ ಇವರು ಗ್ಲಾಸಿಗೆ ತಂದರು. "ಕೊಂಬಿನ್ಯಾಗ ಒಳಗ ಏನ್ ನಡದದ ಕಾಣಲ್ರಿ. ಗ್ಲಾಸಿನ್ಯಾಗ ಕಾಣ್ತದ," ಎನ್ನುತ್ತಾರೆ. ರಾಜ್ಯ ಒಂದಾದ ವರ್ಷ ಗಂಡ ತೀರಿಕೊಂಡರು. ಅಂದಿನಿಂದ ಮನೆ ನಡೆಸಿದ್ದು ಇವೇ ಗ್ಲಾಸುಗಳು. ಕಬ್ಬಿನ ಹಂಗಾಮಿನಲ್ಲಿ ಹೊರೆ ಹೊರುವ ಹಮಾಲರದೂ ಸೇರಿ ದಿನಕ್ಕೆ ಹತ್ತು ಹನ್ನೆರಡು ಬೆನ್ನು.

ಆ ಅನ್ನಕ್ಕೇ ಹೋದ ವರ್ಷ ಕುತ್ತು ಬಂತು. ಕುಸ್ತಿಯ ಹಿಂದಿನ ದಿನ ಬಂಡೆಪ್ಪನ ಉಳುಕಿದ ಎಡ ಭುಜಕ್ಕೆ ಇವರು ಗ್ಲಾಸು ಹಚ್ಚಿದ್ದರು. ನೋವೇನೋ ಇಳಿಯಿತು. ಆದರೆ ಕಣದಲ್ಲಿ ಬರಿಬೆನ್ನಿನ ಮೇಲಿನ ಗುರುತು ಮಾಣಿಕಪ್ಪನ ಕಣ್ಣಿಗೆ ಬಿತ್ತು. ಅದೇ ಭುಜ ಹಿಡಿದು ತಿರುವಿದ, ಬಂಡೆಪ್ಪ ಸೋತ. "ಆಯಿ ಗ್ಲಾಸ್ ಹಚ್ಚೋದಂದ್ರ ವೈರಿಗಿ ಚೀಟಿ ಬರದಂಗ" ಎಂದು ಗರಡಿ ತಾಲೀಮಿನ ಹುಡುಗರು ಆಡಿಕೊಂಡರು. ಆಮೇಲೆ ಒಬ್ಬ ಪೈಲ್ವಾನನೂ ಈ ಹೊಸ್ತಿಲು ತುಳಿಯಲಿಲ್ಲ. ಅವರನ್ನು ನೋಡಿ ಹಮಾಲರೂ ಕಡಿಮೆಯಾದರು.

ಈ ವರ್ಷ ಮತ್ತೆ ಅದೇ ಎಡ ಭುಜ ಉಳುಕಿತು, ಮತ್ತೆ ಅದೇ ಮಾಣಿಕಪ್ಪನ ಜೋಡಿ ಕುಸ್ತಿ. ಮಂದಿಯ ಮಾತು ಕೇಳದೆ ಬಂಡೆಪ್ಪ ಇಲ್ಲಿಗೇ ಬಂದ. ಸರುಬಾಯಿ ಹತ್ತು ದಿನ ಮುಂಚೆಯೇ ಎಡಕ್ಕೆ ಗ್ಲಾಸು ಹಚ್ಚಿ ಮುಗಿಸಿದರು, ಗುರುತು ಮಾಸಿತು. ಕುಸ್ತಿಯ ಹಿಂದಿನ ದಿನ ಮತ್ತೆ ಕರೆದು, ಬಲಕ್ಕೆ ಹಚ್ಚಿ ಕಪ್ಪೇರುವ ತನಕ ಬಿಟ್ಟರು.

"'ಆಯಿ, ಅಲ್ಲಿ ನೋವೇ ಇಲ್ಲ' ಅಂದ್ನಿರಿ," ಬಂಡೆಪ್ಪ ನೆನೆಯುತ್ತಾನೆ. "'ನನಗ ಗೊತ್ತದ, ಸುಮ್ನ ಮಲಕೊ' ಅಂದ್ಳು."

ಕಣದಲ್ಲಿ ಮಾಣಿಕಪ್ಪ ಇದ್ದಬದ್ದ ಬಲವನ್ನೆಲ್ಲ ಹಾಕಿ ಆ ಬಲ ಭುಜಕ್ಕೇ ಬಿದ್ದ. ಅದು ಅಲುಗಲಿಲ್ಲ. ಅದೇ ತೋಳು ಅವನನ್ನು ಬಳಸಿ, ಎತ್ತಿ, ಚಿತ್ ಮಾಡಿತು. ಹಲಗೆಯವರು ಕೈ ಸೋಲುವ ತನಕ ಬಡಿದರು. ಬಂಡೆಪ್ಪ ತಾನು ಗೆದ್ದ ಜರಿಯಂಚಿನ ರುಮಾಲನ್ನು ತಂದು, ಇಡೀ ತಾಲೀಮಿನ ಎದುರು ಸರುಬಾಯಿಯವರ ತಲೆಗೇ ಸುತ್ತಿದ. ಮರುದಿನದಿಂದ ಓಣಿಯ ತುದಿಯವರೆಗೆ ಪೈಲ್ವಾನರ ಸಾಲು.

ಬಂಡೆಪ್ಪನಿಂದ ಈ ಸಲ ದುಡ್ಡು ಮುಟ್ಟಲಿಲ್ಲವಂತೆ, ಯಾಕೆ ಎಂದು ಸರುಬಾಯಿಯವರನ್ನು ಕೇಳುತ್ತೇನೆ.

"ಅವನ ಒಂದು ಕುಸ್ತಿ ನನ್ನ ಮ್ಯಾಲ ಇತ್ತ್ರಿ. ತೀರ್ತು."

ಚಾಪೆಯ ಮೇಲಿನ ಮಾಣಿಕಪ್ಪ ತಲೆ ಎತ್ತುತ್ತಾನೆ. "ಹಂಗಾದ್ರ ಈಗ ನಂದೊಂದು ಕುಸ್ತಿ ನಿನ್ನ ಮ್ಯಾಲ ಬಾಕಿ ಅದ, ಆಯಿ."

ಸರುಬಾಯಿ ಮುಂದಿನ ಗ್ಲಾಸಿನ ಅಂಚನ್ನು ತುಟಿಯ ಮೇಲೆ ಪೂರ್ತಿ ಸುತ್ತಿಸಿ ನೋಡುತ್ತಾರೆ.

"ಇರ್ಲಿ ಬಾಕಿ. ಬೆನ್ನು ಅಲುಗಿಸಬ್ಯಾಡ."