ಸ್ಕ್ಯಾನಿಂಗಿಗೆಂದು ಅವ್ವ ಕುಡಿದ ನೀರು

ಮನೆಯಲ್ಲಿ ಪಿಯುಸಿ ಸೈನ್ಸ್ ಓದುವವಳು ನಾನೊಬ್ಬಳೇ. ಹೀಗಾಗಿ ನಮ್ಮೂರು ಮಸಗುಪ್ಪಿಯ ಮಟ್ಟಿಗೆ ದೊಡ್ಡ ಡಾಕ್ಟರು ನಾನೇ. ದೊಡ್ಡವ್ವನಿಗೆ, ಅಂದರೆ ಅವ್ವನ ಅಕ್ಕನಿಗೆ, ಎದೆಯ ಕ್ಯಾನ್ಸರಿನ ಆಪರೇಷನ್ ಆಗಿತ್ತು. ತಂಗಿಯೂ ಒಮ್ಮೆ ತೋರಿಸಿಕೊಳ್ಳಲಿ ಎಂದು ಅಲ್ಲಿನ ಡಾಕ್ಟರು ಹೇಳಿದ್ದರಿಂದ ಅವ್ವ ಗೋಕಾಕಕ್ಕೆ ಹೋಗಿ ಎದೆಯ ಎಕ್ಸ್‌ರೇ ತೆಗೆಸಿಕೊಂಡು ಬಂದಳು. ನಾನು ಅದನ್ನು ಬಿಸಿಲಿಗೆ ಹಿಡಿದು ಕಣ್ಣು ಕಿರಿದು ಮಾಡಿ ನೋಡಿದೆ. ಪೂರ್ತಿ ಬೆಳ್ಳಗೆ.

“ಎದಿ ದಟ್ಟ ಐತಂತ,” ಅವ್ವ ಹೇಳಿದಳು. “ಅದೇನ ಜಡ್ಡಲ್ಲಂತ. ಆದ್ರ ಅದೂ ಬೆಳ್ಳಗ ಕಾಣತೈತಿ, ಗಡ್ಡಿ ಇದ್ರ ಅದೂ ಬೆಳ್ಳಗ ಕಾಣತೈತಂತ. ಅದಕ್ಕ ಸ್ಕ್ಯಾನಿಂಗ್ ಮಾಡಸ್ರಿ ಅಂದ್ರು.”

“ಅಂದ್ರ ಜ್ವಾಳದ ಹಿಟ್ಟಿನ್ಯಾಗ ಉಪ್ಪಿನ ಹರಳ ಹುಡಕಿದಂಗ,” ಎಂದು ಗತ್ತಿನಿಂದ ವಿವರಿಸಿದೆ.

“ಹಂಗಾರ ಐತೋ, ಇಲ್ಲೋ?”

ಗೊತ್ತಿಲ್ಲ ಎನ್ನುವುದು ಡಾಕ್ಟರಿಗೆ ಶೋಭಿಸುವುದಿಲ್ಲ. “ಎರಡರ ನಡುವ ಐತಿ,” ಎಂದೆ. ಅವತ್ತು ಅವ್ವ ರೊಟ್ಟಿಗಳನ್ನು ಒಂದೇ ಮಗ್ಗುಲು ಸುಟ್ಟು ಬಡಿಸಿದಳು.

ಸ್ಕ್ಯಾನಿಂಗಿನ ವಿಷಯದಲ್ಲಿ ಮಾತ್ರ ನನಗಿಂತ ದೊಡ್ಡ ಡಾಕ್ಟರು ಕಾಕಿ, ಅಂದರೆ ಚಿಕ್ಕಪ್ಪನ ಹೆಂಡತಿ. ಸಾಲಾಗಿ ಮಕ್ಕಳನ್ನು ಹೆತ್ತವಳು. “ಯಕ್ಕಾ, ಸ್ಕ್ಯಾನಿಂಗ್ ಅಂದ್ರ ಹೊಟ್ಟಿ ತುಂಬ ನೀರ ಕುಡೀಬೇಕ. ಇಲ್ಲಂದ್ರ ಏನೂ ಕಾಣಂಗಿಲ್ಲ,” ಎಂದು ಘಟಪ್ರಭಾದ ಬಸ್ಸಿನಲ್ಲಿ ದಾರಿಯುದ್ದಕ್ಕೂ ಕುಡಿಸಿದಳು. ರಸ್ತೆಯ ಪ್ರತಿ ಗುಂಡಿಗೂ ಅವ್ವ ನನ್ನ ಮುಖ ನೋಡುತ್ತಿದ್ದಳು, ನಾನು ತಲೆಯಾಡಿಸಿದರೆ ಬಾಟಲಿ ಎತ್ತುತ್ತಿದ್ದಳು.

ಸ್ಕ್ಯಾನಿಂಗ್ ಸೆಂಟರಿನ ಬೆಂಚಿನ ಮೇಲೆಲ್ಲ ಬಸುರಿಯರು. ಬಾಜೂದವಳು ಅವ್ವನನ್ನು ಕೇಳಿದಳು, “ನಿಮಗ ಎಷ್ಟ ತಿಂಗಳ್ರಿ?”

ಅವ್ವ ಗಾಬರಿಯಾಗಿ ನನ್ನತ್ತ ನೋಡಿದಳು. ಅಷ್ಟರಲ್ಲಿ ಗೋಕಾಕ ಫಾಲ್ಸನ್ನೇ ಸೀರೆಯ ನೆರಿಗೆಯೊಳಗೆ ಹಿಡಿದು ಕೂತಂತಿತ್ತು ಅವಳ ಮುಖ. ನಾನು ನಗಿಸಲು ನೋಡಿದೆ. “ನಗಸಬ್ಯಾಡ, ಇಲ್ಲೇ ಆಗತೈತಿ,” ಎಂದಳು.

ಕೊನೆಗೆ ಅವ್ವನನ್ನೂ ನನ್ನನ್ನೂ ಒಳಗೆ ಕರೆದರು, ಕಾಕಿ ಬಾಗಿಲ ಹೊರಗೇ ಉಳಿದಳು. ವಿಷಯ ಕೇಳಿ ಡಾಕ್ಟರ್‌ಬಾಯಿ ಹಣೆ ಹಿಡಿದುಕೊಂಡರು. “ಅಕ್ಕಾರ, ಎದಿ ಸ್ಕ್ಯಾನಿಂಗಿಗೆ ನೀರ ಯಾಕ ಬೇಕ್ರಿ? ಮದ್ಲ ಹೋಗಿ ಬರ್ರಿ!”

ಹೋಗುವಾಗ ಅವ್ವ ಕಾಕಿಯನ್ನು ನೋಡಿದ ನೋಟಕ್ಕೆ ಗೋಡೆಯ ಸುಣ್ಣ ಉದುರಬೇಕಿತ್ತು.

ಅವ್ವ ಕೊರಳಿನ ಲಿಂಗವನ್ನು ಮೈಯಿಂದ ದೂರ ಮಾಡುವವಳಲ್ಲ. ಎಕ್ಸ್‌ರೇ ದಿನ ತೆಗೆಸಿದ್ದರೆಂದು ಇನ್ನೂ ನೊಂದುಕೊಂಡಿದ್ದಳು. ಡಾಕ್ಟರ್‌ಬಾಯಿ, “ತಗೀಬ್ಯಾಡ್ರಿ. ಮುಷ್ಟಿಯೊಳಗ ಹಿಡಕೊಂಡ ಕೈ ತಲಿ ಮ್ಯಾಲ ಇಟ್ಕೋರಿ,” ಎಂದರು. ತಣ್ಣಗಿನ ಜೆಲ್ ಹಚ್ಚಿ, ಸಣ್ಣ ಯಂತ್ರವನ್ನು ಎದೆಯ ಮೇಲೆ ಮೆಲ್ಲಗೆ ಓಡಿಸಿದರು. ಪರದೆಯ ಮೇಲೆ ಬೂದು ಬಣ್ಣದ ಮೋಡ. ಒಂದು ಕಡೆ ಯಂತ್ರ ನಿಂತಿತು. ಅಲ್ಲೊಂದು ಕರಿ ಗುಂಡು.

ಅವ್ವ ಪರದೆ ನೋಡಲಿಲ್ಲ, ನನ್ನ ಮುಖ ನೋಡಿದಳು. ನಾನು ಡಾಕ್ಟರ್‌ಬಾಯಿಯ ಮುಖ ನೋಡಿದೆ.

“ನೀರಿನ ಗುಳ್ಳಿ ಐತ್ರಿ,” ಡಾಕ್ಟರ್‌ಬಾಯಿ ಹೇಳಿದರು. “ಒಳಗ ಬರೇ ನೀರು. ಗಡ್ಡಿ ಅಲ್ಲ, ಕ್ಯಾನ್ಸರ್ ಅಲ್ಲ. ಬ್ಯಾರೆ ಕಡೀನೂ ಏನಿಲ್ಲ. ಚಿಂತಿ ಬಿಡ್ರಿ.”

“ನೀರಾ?” ಅವ್ವ ತಲೆ ಎತ್ತಿ ಬಾಗಿಲ ಕಡೆಗೆ ಕೂಗಿದಳು, “ನೋಡ ಬಾರ ಇಲ್ಲಿ! ನೀ ಕುಡಿಸಿದ್ದ ನೀರ ಎಲ್ಲಿ ಹೋಗಿ ಕುಂತೈತಿ!”

ಕುಡಿದ ನೀರು ಅಲ್ಲಿಗೆ ಹೋಗುವುದಿಲ್ಲ ಎಂದು ಡಾಕ್ಟರ್‌ಬಾಯಿ ನಕ್ಕು ನಕ್ಕು ತಿಳಿಸಿದರು. ಅವ್ವ ಹೂಂ ಎಂದಳು, ನಂಬಿದಂತೆ ಕಾಣಲಿಲ್ಲ.

ಬಸ್‌ಸ್ಟ್ಯಾಂಡಿನ ಬಾಜೂ ಚಹಾಕ್ಕೆ ಕೂತಾಗ ಕೇಳಿದಳು, “ಬೆಳ್ಳಗಿದ್ರ ಅಂಜಿಕಿ, ಕರ್ರಗಿದ್ರ ಚಲೋ. ಇದ ಎಂಥಾದಲೇ?”

ನನಗೂ ಪೂರ್ತಿ ತಿಳಿದಿರಲಿಲ್ಲ. “ಚಲೋ ಐತಿ, ಅಷ್ಟ ತಿಳಕೋ,” ಎಂದೆ.

ಕಾಕಿ ಅವ್ವನ ಮುಂದೆ ನೀರಿನ ಗ್ಲಾಸು ಸರಿಸಿದಳು. ಅವ್ವ ಅದನ್ನು ವಾಪಸು ಸರಿಸಿ ಚಹಾವನ್ನು ಕಪ್ಪಿನ ಕೆಳಗಿನ ಬಸಿಗೆ ಸುರಿದುಕೊಳ್ಳತೊಡಗಿದಳು. ಚಹಾದಲ್ಲೂ ನೀರಿರುತ್ತದೆ ಎನ್ನುವ ಮಾತು ನಾಲಿಗೆಯ ತುದಿಗೆ ಬಂದಿತ್ತು. ಆದರೆ ಬಸಿ ಅಂಚಿನತನಕ ತುಂಬಿದರೂ ಅವಳು ಸುರಿಯುತ್ತಲೇ ಇದ್ದಳು. ಬೆಳಗಿನಿಂದ ಅವಳು ತಡೆದುಕೊಂಡಿದ್ದು ಬರೀ ನೀರನ್ನಲ್ಲ. ನಾನು ಬಸಿಯ ಕೆಳಗೆ ಕೈ ಹಿಡಿದೆ.