ಹಾಳುಗುಡಿಗೆ ಬಾಗಿಲು ಬಂದ ಮೇಲೆ

ಬೆಳಿಗ್ಗೆ ಏಳೂವರೆಗೆ ಮೈಸೂರಿನಲ್ಲಿ ತಿ. ನರಸೀಪುರದ ಬಸ್ಸು ಹತ್ತಿದೆ. ಆಧಾರ್ ಕಾರ್ಡು ತೋರಿಸಿದ್ದಕ್ಕೆ ಕಂಡಕ್ಟರು ಶೂನ್ಯ ಟಿಕೆಟ್ ಹರಿದುಕೊಟ್ಟ. ಆಷಾಢದ ಗಾಳಿಗೆ ಕಿಟಕಿಯ ಗಾಜು ಹಲ್ಲು ಕಡಿದ ಹಾಗೆ ಸದ್ದು ಮಾಡುತ್ತಿತ್ತು. ನಾನು ಹೈಸ್ಕೂಲಿನಲ್ಲಿ ಚರಿತ್ರೆ ಕಲಿಸುವವಳು. ಕಾಲೇಜಿನ ದಿನಗಳಲ್ಲಿ ಸೋಮನಾಥಪುರದ ಆಚೆಯ ಒಂದು ಹಳ್ಳಿಯಲ್ಲಿ, ಪಾಳುಬಿದ್ದ ಶಿವಗುಡಿಯ ಮುಂದೆ ಕೂತು ಅಲ್ಲಿನ ಶಾಸನವನ್ನು ನೋಟ್‌ಬುಕ್ಕಿಗೆ ಇಳಿಸಿಕೊಂಡಿದ್ದೆ. ಆ ಕಲ್ಲನ್ನು ಮತ್ತೊಮ್ಮೆ ನೋಡುವ ಆಸೆ, ಅಷ್ಟೇ. ಊರಿನ ಹೆಸರು ಇಲ್ಲಿ ಬರೆಯುತ್ತಿಲ್ಲ. ಅಲ್ಲಿನದರ ಬಗ್ಗೆ ಕೊಟ್ಟ ದೂರು ಇನ್ನೂ ಇತ್ಯರ್ಥವಾಗಿಲ್ಲ.

ನರಸೀಪುರದಲ್ಲಿ ಎರಡು ಇಡ್ಲಿ ತಿಂದು, ಇನ್ನೊಂದು ಬಸ್ಸು ಹಿಡಿದು ಹಳ್ಳಿಯ ಗೇಟಿನಲ್ಲಿ ಇಳಿದೆ. ಅಲ್ಲಿಂದ ನಾಲೆಯ ಏರಿಯ ಮೇಲೆ ಎರಡು ಕಿಲೋಮೀಟರ್ ನಡಿಗೆ. ಹುಲ್ಲಿನ ಹೊರೆ ಹೊತ್ತು ಹೋಗುತ್ತಿದ್ದ ಒಬ್ಬ ಹೆಂಗಸನ್ನು ಹಾಳುಗುಡಿಯ ದಾರಿ ಕೇಳಿದೆ. ಅರವತ್ತು ದಾಟಿದ, ಗಟ್ಟಿ ಆಳು. ಹೆಸರು ಚಿಕ್ಕತಾಯಮ್ಮ, ಊರಾಚೆಯ ಕೇರಿಯವರು, ಕೂಲಿ ಕೆಲಸ.

“ಆಳುಗುಡಿನಾ? ಈಗ ಅಂಗನ್ಬ್ಯಾಡಿ ಮೇಡಮ್ಮ, ದ್ಯಾವಸ್ಥಾನ ಅನ್ಬೇಕು” ಎಂದು ನಕ್ಕು, ಹೊರೆಯನ್ನು ಮನೆಯ ಮುಂದೆ ಇಳಿಸಿ ಜೊತೆಗೆ ಬಂದರು.

ನಡೆಯುತ್ತಾ ನಾನು ನನಗೆ ಗೊತ್ತಿದ್ದ ಕಥೆ ಹೇಳಿದೆ. ಗುಡಿ ಹೊಯ್ಸಳರ ಕಾಲದ್ದು. ಶಾಸನದ ಪ್ರಕಾರ ಒಬ್ಬ ಹೆಂಗಸು ಸಂಜೆಯ ದೀಪದ ಎಣ್ಣೆಗೆಂದು ತನ್ನ ಗದ್ದೆ ಬಿಟ್ಟುಕೊಟ್ಟಿದ್ದಳು. ಚಿಕ್ಕತಾಯಮ್ಮ ತಮಗೆ ಗೊತ್ತಿದ್ದ ಕಥೆ ಹೇಳಿದರು. ಹೊಳೆ ಉಕ್ಕಿ ಊರು ಮೇಲಕ್ಕೆ ಸರಿದಾಗ ಗುಡಿಯನ್ನು ಹಾಗೇ ಬಿಟ್ಟರಂತೆ. ಅರಳಿಯ ಬೇರು ಗೋಪುರವನ್ನು ಸೀಳಿತು. ಆಮೇಲೆ ತಲೆಮಾರುಗಟ್ಟಲೆ ಕೇರಿಯವರು ಅಲ್ಲಿ ರಾಗಿ ಒಣಗಿಸಿದರು, ಮಳೆ ಬಂದರೆ ಆಡು ಕಟ್ಟಿದರು.

“ಒಂದ್ಸಲ ಮಳೆಗೆ ನಮ್ಮನೆ ಗೋಡೆ ಬಿದ್ದೋಯ್ತು. ಗುಡೀಲೇ ಇದ್ವಿ. ನನ್ ಮಗ್ಳು ಉಟ್ಟಿದ್ದು ಅಲ್ಲೇಯಾ. ಆಳಾಗಿದ್ದಾಗ ಯಾರೂ ಕೇಳ್ನಿಲ್ಲ ಕಣವ್ವ, ನೀವ್ಯಾರು ಅಂತ.”

ಗುಡಿಗೆ ಈಗ ಕಾಂಪೌಂಡು, ಕಬ್ಬಿಣದ ಗೇಟು. ಜೀರ್ಣೋದ್ಧಾರ ಸಮಿತಿಯವರೊಬ್ಬರು ಎದುರು ಮನೆಯಿಂದ ಬೀಗದ ಕೈ ಹಿಡಿದು ಬಂದರು. ಮೈಸೂರಿನಿಂದ ಬಂದ ಮೇಷ್ಟರಮ್ಮ ಎಂದು ತಿಳಿದು “ಬನ್ನಿ ಮೇಡಂ, ಬನ್ನಿ” ಎಂದರು. ಒಳಗೆ ಹೋದೆ.

ಕಡೆದ ಕಂಬಗಳಿಗೆ ಬಂಗಾರದ ಬಣ್ಣದ ಪೇಂಟು. ನೆಲಕ್ಕೆ ಬಚ್ಚಲುಮನೆಯ ಟೈಲ್ಸು. ಶಾಸನ ನಿಂತಿದ್ದ ಜಾಗದಲ್ಲಿ ದಾನಿಗಳ ಹೆಸರು ಕೊರೆದ ಕರಿ ಗ್ರಾನೈಟು.

“ಇಲ್ಲಿದ್ದ ಬರಹದ ಕಲ್ಲು ಎಲ್ಲಿ?” ಎಂದು ಮೆಟ್ಟಿಲ ಮೇಲೆ ನಿಂತು ಕೇಳಿದೆ.

“ಒಡ್ದೋಗಿತ್ತು ಮೇಡಂ. ಎಲ್ಲೋ ಬಿತ್ತು.”

ಗೇಟಿನ ಆಚೆಯಿಂದ ಚಿಕ್ಕತಾಯಮ್ಮ ಕೂಗಿದರು: “ನೀವು ನಿಂತಿರೋದೇ ಅದ್ರ ಮ್ಯಾಲೆ! ಬರವಣಿಗೆ ಕೆಳಗ್ ಮಾಡಿ ಮೆಟ್ಲಿಗೆ ಆಕವ್ರೆ. ಅದ್ಕೆ ತಲೆ ಮ್ಯಾಲೆ ಗಾರೆ ಒತ್ತೋಳು ನಾನೇಯಾ!”

ಕೆಂಡ ತುಳಿದವಳಂತೆ ಪಕ್ಕಕ್ಕೆ ಹಾರಿದೆ. “ಒಳಗೆ ಬಂದು ತೋರಿಸಿ” ಎಂದೆ. ಅವರು ಕದಲಲಿಲ್ಲ. ಆಗಲೇ ನನಗೆ ಅರ್ಥವಾದದ್ದು.

“ಅವರು ಅಲ್ಲೇ ಇರ್ತಾರೆ ಬುಡಿ ಮೇಡಂ. ಅವರಿಗೂ ಗೊತ್ತು” ಎಂದರು ಸಮಿತಿಯವರು, ಬಿಸಿಲು ಜಾಸ್ತಿ ಅಂದಷ್ಟು ಸಲೀಸಾಗಿ.

“ಗಾರೆ ಹೊರುವಾಗ ಒಳಗೆ ಬಂದಿದ್ದರಲ್ಲ?”

“ಅದು ಕೆಲ್ಸ. ಆಮೇಲೆ ಕಳಸ ಇಟ್ಟು ಶುದ್ಧಿ ಮಾಡಿಸಿದ್ವಲ್ಲ.”

ಕೂಗಾಡಿದೆ. ಏನೇನು ಅಂದೆನೋ ಪೂರ್ತಿ ನೆನಪಿಲ್ಲ. ಜೈಲು, ಕಾನೂನು, ನಾಚಿಕೆ ಎಂಬ ಮಾತುಗಳೆಲ್ಲ ಬಂದವು. ಅವರು ಶಾಂತವಾಗಿಯೇ “ಕೇರಿಯೋರೇ ಸುಮ್ನವ್ರೆ, ನಿಮಗ್ಯಾಕೆ?” ಎಂದು, ನಾನು ಹೊರಗೆ ಬಂದೊಡನೆ ಗೇಟಿಗೆ ಬೀಗ ಹಾಕಿಕೊಂಡರು. ನನ್ನ ಮೇಲೆಯೇ ಹೇಸಿಗೆಯಾಯಿತು. “ಬನ್ನಿ ಮೇಡಂ” ಅಂದೊಡನೆ, ಜೊತೆಯಲ್ಲಿದ್ದವರನ್ನು ತಿರುಗಿಯೂ ನೋಡದೆ ಒಳಗೆ ನುಗ್ಗಿದವಳು ನಾನು.

ಅರಳಿ ಕಟ್ಟೆಯ ಮೇಲೆ ಕೂತು ತಹಶೀಲ್ದಾರರಿಗೆ ಅರ್ಜಿ ಬರೆದೆ. ಪ್ರಾಚೀನ ಶಾಸನವನ್ನು ಮೆಟ್ಟಿಲು ಮಾಡಿದ್ದಾರೆ, ಕೂಡಲೇ ಎತ್ತಿಸಿ ರಕ್ಷಿಸಬೇಕು ಎಂದು. ಚಿಕ್ಕತಾಯಮ್ಮ ಓದಿ ಹೇಳಿ ಅಂದರು. ಓದಿದೆ.

“ಅಷ್ಟೇಯಾ?”

ಹೌದೆಂದು ಹಾಳೆ ಮಡಚತೊಡಗಿದೆ.

“ಕಲ್ಗೆ ಕಾಗ್ದ ಬರದ್ರಿ. ನಂಗೆ?”

ಊರಲ್ಲಿ ನಿಮಗೆ ಕೂಲಿ ತಪ್ಪಿಸಿದರೆ ಎಂದು ಕೇಳಿದೆ.

“ತಪ್ಪುಸ್ಲಿ. ಕಳೆ ಕೀಳಕ್ಕೆ ಅವ್ರ ಎಂಡ್ರು ಬಗ್ತಾರಾ, ನೋಡವ. ನೀವು ಕೂಗಾಡಿ ಬಸ್ಸತ್ತಿ ಓಯ್ತೀರಿ. ನಾನು ದಿನಾ ಆ ಗೇಟ್ ಮುಂದ್ಲಿಂದ್ಲೇ ನೀರಿಗೋಗ್ಬೇಕು. ಬರೀರಿ.”

ಬರೆದೆ. ಗಾರೆ ಹೊರಲು ಒಳಗೆ ಬಿಟ್ಟವರು ಈಗ ಗೇಟು ದಾಟಲು ಬಿಡುವುದಿಲ್ಲ ಎಂದು, ಬೇರೆ ಹಾಳೆಯಲ್ಲಿ, ಅವರು ಹೇಳಿದಂತೆಯೇ, ಒಂದು ಮಾತೂ ತಿದ್ದದೆ. ನಾನೂ ಸಾಕ್ಷಿ ಎಂದು ಕೆಳಗೆ ಸೇರಿಸಿದೆ.

ಇಬ್ಬರೂ ಮಧ್ಯಾಹ್ನದ ಬಸ್ಸಿಗೆ ನರಸೀಪುರಕ್ಕೆ ಬಂದೆವು. ತಾಲ್ಲೂಕು ಕಚೇರಿಯ ಟಪಾಲು ಮೇಜಿನ ಗುಮಾಸ್ತೆ ಎರಡೂ ಹಾಳೆ ತಿರುವಿ, “ಒಂದೇ ಊರು, ಒಂದೇ ಗುಡಿ. ಒಂದೇ ಅರ್ಜೀಲಿ ಬರೀಬಹುದಿತ್ತಲ್ಲ?” ಎಂದರು.

“ಅದು ಕಲ್ಲಿಂದು ಸಾ. ಇದು ನಂದು” ಎಂದು ಚಿಕ್ಕತಾಯಮ್ಮ ತಮ್ಮ ಹಾಳೆಯನ್ನು ಮುಂದಕ್ಕೆ ತಳ್ಳಿ ಹೆಬ್ಬೆಟ್ಟು ಒತ್ತಿದರು. ಗುಮಾಸ್ತೆ ಅವರನ್ನೊಮ್ಮೆ ನೋಡಿ, ಎರಡರ ನಕಲಿಗೂ ಮೊಹರು ಹಾಕಿಕೊಟ್ಟರು.

ಬಸ್ ನಿಲ್ದಾಣದಲ್ಲಿ ಮಳೆ ಹನಿಯುತ್ತಿತ್ತು. ನನ್ನ ಮೈಸೂರು ಬಸ್ಸು ಮೊದಲು ಬಂತು. ಹತ್ತಲು ಹೋದವಳ ಕೈ ಹಿಡಿದು ಚಿಕ್ಕತಾಯಮ್ಮ ನಿಲ್ಲಿಸಿದರು.

“ಬುಡಿ, ಇನ್ನೊಂದು ಬತ್ತದೆ. ನಂದು ಇನ್ನೊಂದ್ಸಲ ಓದವ್ವ. ಗಟ್ಟಿಯಾಗಿ ಓದು.”

ಸುತ್ತ ಜನ ಕಿಕ್ಕಿರಿದಿದ್ದರು. ಮಧ್ಯಾಹ್ನ ನಮ್ಮ ಬಸ್ಸಿನಲ್ಲೇ ಬಂದಿದ್ದ ಅವರದೇ ಊರಿನ ನಾಲ್ಕಾರು ಮಂದಿ ಅಲ್ಲೇ ಕಂಬಕ್ಕೆ ಒರಗಿ ನಿಂತು ನಮ್ಮನ್ನೇ ನೋಡುತ್ತಿದ್ದರು. ಚಿಕ್ಕತಾಯಮ್ಮ ಆ ಮಂದಿಯ ಕಡೆಗೇ ಮುಖ ಮಾಡಿ ಕೂತರು. ಬಸ್ಸು ಹೊರಟುಹೋಯಿತು. ನಾನು ಮೊದಲ ಸಾಲಿನಿಂದ ಓದತೊಡಗಿದೆ.