ಡಾಲ್ಫಿನ್ ಮೇಲೆ ಬರುವ ಹೊತ್ತು ಬರೆಯುವ ಸುಜಾತಾ

ಬೆಳಗಿನ ಐದೂವರೆ. ರಾಯಚೂರಿನ ಮಹಡಿ ಕೋಣೆಯೊಂದರಲ್ಲಿ ಸುಜಾತಾ ಕಂಪ್ಯೂಟರಿನ ಮುಂದೆ ಕೂತು ಸಮುದ್ರ ನೋಡುತ್ತಿದ್ದಾರೆ. ಪರದೆಯ ಮೇಲೆ ನಾಲ್ಕು ನೂರು ವರ್ಷ ಹಿಂದಿನ ಬಂದರು, ಕುದುರೆ ಇಳಿಸುವ ಹಡಗು. ಗೇಮ್ ಆಡುವವರಿಗೆಲ್ಲ ಹಡಗಿನದೇ ಚಿಂತೆ. ಇವರಿಗೆ ಅದರ ಸುತ್ತ ಈಜುವ ಡಾಲ್ಫಿನ್‌ಗಳದು. ವಿಡಿಯೊ ಗೇಮ್ ಬಿಡುಗಡೆಯಾಗುವ ಮುನ್ನ ಅದರ ತಪ್ಪು ಹುಡುಕುವುದು ಇಪ್ಪತ್ತೆಂಟರ ಈ ಹೆಣ್ಣುಮಗಳ ಗುತ್ತಿಗೆ ಕೆಲಸ. ನಿಜವಾದ ಸಮುದ್ರವನ್ನು ಅವರಿನ್ನೂ ನೋಡಿಲ್ಲ.

ಊರು ದೇವಸುಗೂರು. ಅಪ್ಪ ಸೂಗಪ್ಪ ಕೃಷ್ಣೆಯಲ್ಲಿ ಬಲೆ ಬೀಸುವವರು. ನದಿಯಲ್ಲಿ ಕಲಿತದ್ದೇ ಮೊದಲ ವಾರ ಕೈಕೊಟ್ಟಿತು. ಡಾಲ್ಫಿನ್ ಬಾಲವನ್ನು ಮೇಲಕ್ಕೂ ಕೆಳಕ್ಕೂ ಬಡಿಯುವುದನ್ನು ಕಂಡು, ತಪ್ಪೆಂದು ಬರೆದು ಕಳಿಸಿಬಿಟ್ಟರು.

"ನಮ್ಮ ಹೊಳಿ ಮೀನು ಬಾಲ ಎಡಕ್ಕ ಬಲಕ್ಕ ಆಡಸ್ತಾವ್ರಿ. ಇದೇನು ಹಿಂಗಂತ ಬರದೆ. ಅದು ಮೀನೇ ಅಲ್ಲ, ನಮ್ಮಂಗ ಗಾಳಿ ಬೇಕು ಅದಕ್ಕ ಅಂತ ಉತ್ತರ ಬಂತು. ಆಫೀಸ್ ತುಂಬ ನಕ್ಕರ್ರಿ" ಎಂದು ತಾವೂ ನಗುತ್ತಾರೆ.

ಅಂದಿನಿಂದ ಗಡಿಯಾರ ನೋಡುತ್ತ ಕೂತರು. ದಿನಕ್ಕೆ ಆರು ತಾಸು, ಸುಮಾರು ಮುನ್ನೂರು ಡಾಲ್ಫಿನ್. ಯಾವುದು ಎಷ್ಟು ಹೊತ್ತಿಗೆ ಉಸಿರಿಗೆ ಮೇಲೆ ಬಂತು ಎಂದು ಬರೆಯುತ್ತಾರೆ. ಹಾಗೆ ಒಂದು ತಪ್ಪು ಸಿಕ್ಕಿತು. ಲಂಗರು ಹಾಕಿದ ಹಡಗಿನ ತಳಕ್ಕೆ ಹೋದ ಡಾಲ್ಫಿನ್ ಅಲ್ಲೇ ಸಿಕ್ಕಿಬೀಳುತ್ತಿತ್ತು, ಅರ್ಧ ತಾಸಾದರೂ ಉಸಿರಿಗೆ ಬರುತ್ತಿರಲಿಲ್ಲ. ಎರಡು ಸಲ ಬರೆದರೂ, ಆಡುವವರಿಗೆ ಕಾಣುವುದಿಲ್ಲ ಎಂಬ ಷರಾದೊಂದಿಗೆ ವಾಪಸು ಬಂತು. ಮೂರನೆಯ ಸಲ ಮೇಲ್ವಿಚಾರಕಿ ಶೈಲಜಾ ಗದರಿದರು.

"ಸಾಕು ಬಿಡವಾ. ಹಿಂಗ ಹಠ ಹಿಡದ್ರ ಮುಂದಿನ ಗೇಮಿಗೆ ನಿನ್ನ ಕರ್ಯಂಗಿಲ್ಲ ನೋಡು."

"ಕರೀಬ್ಯಾಡ್ರಿ ಮೇಡಂ. ಇದೊಂದು ಕಳಸ್ರಿ."

ಕಳಿಸಿದರು. ಮುಂದಿನ ಗೇಮಿನ ಪಟ್ಟಿಯಲ್ಲಿ ಸುಜಾತಾ ಹೆಸರಿಲ್ಲ. ಈ ಗೇಮಿಗೆ ಇವತ್ತು ಅವರ ಕೊನೆಯ ದಿನ. ತಿದ್ದುಪಡಿ ಆಗಿದೆಯೋ ಇಲ್ಲವೋ ಯಾರೂ ತಿಳಿಸಿಲ್ಲ.

ಹಡಗಿಗೆ ಲಂಗರು ಹಾಕಿ ಕಾಯುತ್ತಾರೆ. ಒಂದು ಡಾಲ್ಫಿನ್ ಅದರ ತಳಕ್ಕೆ ನುಸುಳುತ್ತದೆ. ಒಂದು ನಿಮಿಷ, ಎರಡು, ಮೂರು. ವರದಿಗೆಂದು ಬಂದು ಪಕ್ಕದಲ್ಲಿ ಕೂತ ನಾನೂ ಉಸಿರು ಬಿಗಿಹಿಡಿದಿದ್ದೇನೆ, ಸುಳ್ಳೇಕೆ ಹೇಳಲಿ. ನಾಲ್ಕನೆಯ ನಿಮಿಷಕ್ಕೆ ಅದು ಹಡಗಿನ ಪಕ್ಕ ತಲೆಯೆತ್ತಿ, ನೀರು ಚಿಮ್ಮಿಸಿ ಉಸಿರು ಬಿಡುತ್ತದೆ.

ಸುಜಾತಾ ಹೊತ್ತು ಬರೆದುಕೊಂಡು ಪೆನ್ನು ಕೆಳಗಿಡುತ್ತಾರೆ.

"ಆಡೋರು ಯಾರೂ ನೋಡಂಗಿಲ್ರಿ ಇದನ್ನ, ಖರೇನ" ಎನ್ನುತ್ತಾರೆ. "ಆದ್ರ ಇನ್ನ ಅವು ಉಸರಿಗೆ ಮ್ಯಾಲ ಬರ್ತಾವ್ರಿ."